ಹಲ್ಲಿ ಒಪ್ಪಿದ ಮಾತು

ನಮ್ಮ ಬೀದಿಯ ಗೌರೀಶಂಕರರ ಮಾತಿಗೆ ಎಂಥ ಬೆಲೆ ಇತ್ತೆಂದರೆ, ಅವರು ಬಾಯಿ ತೆರೆದ ಕೂಡಲೇ ಅವರ ಮನೆಯಲ್ಲಿ ಮಿಕ್ಸಿ ಶುರುವಾಗುತ್ತಿತ್ತು. ಹೆಂಡತಿ ಧನಲಕ್ಷ್ಮಿಗೆ ಗಂಡನ ಮೇಲೆ ಕೋಪವೇನೂ ಇರಲಿಲ್ಲ. ಚಟ್ನಿ ರುಬ್ಬುವುದಕ್ಕೆ ತಕ್ಕ ಸಮಯ ಯಾವುದೆಂದು ಆಕೆ ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದರು, ಅಷ್ಟೆ.

ಹೊರಗೂ ಇದೇ ಕಥೆ. ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದೆ ಅವರದೊಂದು ಹಗ್ಗ, ಟಾರ್ಪಾಲಿನ ಅಂಗಡಿ. "ಈ ಹಗ್ಗ ನಿಮ್ಮ ಎಮ್ಮೆಗೆ ತಡೆಯುತ್ತೆ" ಎಂದು ಅವರು ಹೇಳಿದರೆ ಗಿರಾಕಿ ಹೋಗಿ ಪಕ್ಕದ ಬಾಳೆಹಣ್ಣಿನ ಅಂಗಡಿಯವನನ್ನು ಕೇಳಿ ಖಾತ್ರಿ ಮಾಡಿಕೊಂಡು ಬರುತ್ತಿದ್ದ. ಬಾಳೆಹಣ್ಣಿನವನಿಗೆ ಹಗ್ಗವೂ ಗೊತ್ತಿರಲಿಲ್ಲ, ಎಮ್ಮೆಯೂ ಗೊತ್ತಿರಲಿಲ್ಲ. ಆದರೆ ಅವನ ದನಿ ದಪ್ಪ, ಮೀಸೆ ಅದಕ್ಕಿಂತ ದಪ್ಪ. ನಿಜ ಹೇಳುವವನ ಮುಖ ಹೇಗಿರಬೇಕೆಂದು ನಾವೆಲ್ಲ ಮೊದಲೇ ತೀರ್ಮಾನಿಸಿ ಇಟ್ಟುಕೊಂಡಿರುತ್ತೇವೆ. ಗೌರೀಶಂಕರರದು ಅಂಥ ಮುಖವಲ್ಲ.

ನಾನು ಅವರ ಎದುರು ಮನೆಯವನು, ನಿವೃತ್ತ ಮೇಷ್ಟ್ರು. ನಾನೂ ಅವರ ಮಾತು ಕೇಳುತ್ತಿರಲಿಲ್ಲ. ಆದರೆ ಕೇಳುವವನ ಹಾಗೆ ತಲೆ ಆಡಿಸುತ್ತಿದ್ದೆ. ಅದಕ್ಕೇ ನಮ್ಮಿಬ್ಬರ ಸ್ನೇಹ ಗಟ್ಟಿಯಾಗಿತ್ತು.

ಇಂಥ ಮನುಷ್ಯನಿಗೆ ಒಬ್ಬಳೇ ಮಗಳು, ಶಿವರಂಜನಿ. ಅಪ್ಪನಿಗೆ ಸೈಕಲ್ ಹತ್ತುವುದಕ್ಕೂ ಅಂಜಿಕೆ. ಹಾಗಾಗಿ ಅಂಗಡಿಯ ಟೆಂಪೋವನ್ನು ಕಾಲೇಜು ಮುಗಿಸಿದ ಲಾಗಾಯ್ತಿನಿಂದ ಅವಳೇ ಓಡಿಸುತ್ತಿದ್ದಳು. ಅರಕಲಗೂಡು ಸಂತೆಗೆ ಹಗ್ಗದ ಹೊರೆ ಹೇರಿಕೊಂಡು ಹೋಗಿ, ಮಾರಿ, ಸಂಜೆಗೆ ಟೆಂಪೋವನ್ನು ಹಿಂದಕ್ಕೆ ತಿರುವಿ ನಮ್ಮ ಇಕ್ಕಟ್ಟಿನ ಓಣಿಗೆ ಇಳಿಸುತ್ತಿದ್ದುದನ್ನು ನೋಡಬೇಕಿತ್ತು. ಎರಡೂ ಕಡೆಯ ಗೋಡೆಗೆ ಬೆರಳು ತೂರುವಷ್ಟೇ ಜಾಗ ಉಳಿಯುತ್ತಿತ್ತು. ಆಮೇಲೆ ದೊಡ್ಡ ಗಾಡಿಯ ಲೈಸೆನ್ಸನ್ನೂ ಮಾಡಿಸಿಕೊಂಡಳು. ಈಗ ಅವಳು ಸರ್ಕಾರಿ ಬಸ್ಸಿನ ಚಾಲಕಿಯ ಕೆಲಸಕ್ಕೆ ಆಯ್ಕೆಯಾಗಿದ್ದಳು. ತಿಂಗಳ ಕೊನೆಯ ಸೋಮವಾರ ಹಾಸನಕ್ಕೆ ಹೋಗಿ ತರಬೇತಿಗೆ ಸೇರಬೇಕು. ಅಂದು ಹೋಗದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ಸುದ್ದಿ ಚನ್ನರಾಯಪಟ್ಟಣ ಮುಟ್ಟಿತು. ಅಲ್ಲಿರುವುದು ಗೌರೀಶಂಕರರ ಅಕ್ಕ ಸುವರ್ಣಮ್ಮ. ತಮ್ಮನ ಅಂಗಡಿಗೆ ಹೆಸರಿಟ್ಟವರು ಅವರು, ತಮ್ಮನಿಗೆ ಹೆಣ್ಣು ಹುಡುಕಿದವರು ಅವರು, ಮನೆಗೆ ಯಾವ ಬಣ್ಣ ಬಳಿಯಬೇಕೆಂದು ಇವತ್ತಿಗೂ ಫೋನಿನಲ್ಲಿ ಹೇಳುವವರು ಅವರು. ಅಕ್ಕನ ಮುಂದೆ ಗೌರೀಶಂಕರರು 'ಇಲ್ಲ' ಎಂದ ಉದಾಹರಣೆ ಆ ವಂಶದ ಚರಿತ್ರೆಯಲ್ಲಿ ಸಿಗುವುದಿಲ್ಲ.

"ಏನ್ಲಾ ಗೌರಿ," ಎಂದರು ಸುವರ್ಣಮ್ಮ ಫೋನಿನಲ್ಲಿ. ಆ ದನಿ ನಮ್ಮ ಮನೆಯ ಜಗಲಿಗೂ ಕೇಳಿಸಿತು. "ನಮ್ ಮನೆ ಹೆಣ್ಮಗಳು ಖಾಕಿ ಹಾಕ್ಕಂಡು ಬಸ್ ಓಡ್ಸೋದಾ? ಆ ಸೋಮವಾರಕ್ಕೆ ಮುಂಚೆ ಭಾನುವಾರ ನಾನೇ ಬತ್ತೀನಿ. ಬಂದು ತೀರ್ಮಾನ ಮಾಡ್ತೀನಿ. ಅಲ್ಲೀಗಂಟ ನೀನು ತೆಪ್ಪಗಿರು."

"ಆಯ್ತಕ್ಕ," ಎಂದರು ಗೌರೀಶಂಕರರು. ಒಳಗೆ ಮಿಕ್ಸಿ ಆನ್ ಆಯಿತು.

ಶಿವರಂಜನಿ ಅಪ್ಪನ ಪಕ್ಕ ಬಂದು ಕೂತಳು. "ಅಪ್ಪಾಜಿ, ಅತ್ತೆಗೆ ನಾನು ಹೇಳಿದ್ರೆ ಎದುರು ಮಾತು ಅಂತಾರೆ. ಅಮ್ಮ ಹೇಳಿದ್ರೆ ಹೊರಗಿಂದ ಬಂದೋಳು ಅಂತಾರೆ. ನೀವು ಒಂದೇ ಒಂದು ಮಾತು ಹೇಳಿ, ಸಾಕು."

"ಹೇಳ್ತೀನಿ ಕಣವ್ವ," ಎಂದರು ಅವರು. ಆ ಹುಡುಗಿ ಅಪ್ಪನ ಮುಖವನ್ನೇ ನೋಡಿದಳು. ಅವಳಿಗೂ ನಂಬಿಕೆ ಬರಲಿಲ್ಲವೆಂದು ನನಗೆ ಗೊತ್ತಾಯಿತು. ನನಗೆ ನಿಜಕ್ಕೂ ಬೇಜಾರಾಯಿತು.

ಇಷ್ಟರಲ್ಲಿ ಆದದ್ದು ಹಲ್ಲಿನ ಪ್ರಕರಣ. ಅರಕಲಗೂಡಿನಲ್ಲಿ ನೆಂಟರ ಗೃಹಪ್ರವೇಶ. ಊಟವಾದ ಮೇಲೆ ಯಾರೋ ಹರೆಯದವರು ತೋಳಿನ ಬಲದ ಬಗ್ಗೆ ಜಂಬ ಕೊಚ್ಚುತ್ತಿದ್ದರು. ಗೌರೀಶಂಕರರು ಮಧ್ಯೆ ಬಾಯಿ ಹಾಕಿ, ತಮ್ಮ ಕಾಲದಲ್ಲಿ ತೆಂಗಿನಕಾಯಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿಯುತ್ತಿದ್ದುದಾಗಿ ಹೇಳಿದರು. ಎಂದಿನಂತೆ ಯಾರೂ ನಂಬಲಿಲ್ಲ. ಅವರು ಎದ್ದು, ಮೂಲೆಯಲ್ಲಿದ್ದ ಕಾಯಿ ತಂದು, ಎಲ್ಲರೆದುರು ಕಚ್ಚಿ ಎಳೆದರು. ಸಿಪ್ಪೆ ಬಂದಿತು. ಸಿಪ್ಪೆಯ ಜೊತೆ ಮೇಲಿನ ಸಾಲಿನ ಮುಂದಿನ ಹಲ್ಲುಗಳೂ ಬಂದವು. ಅವನ್ನು ಮುಷ್ಟಿಯಲ್ಲಿ ಅಡಗಿಸಿ, ಫೋನು ಬಂದವರ ಹಾಗೆ ಅವಸರದಿಂದ, ಟವೆಲಿನಿಂದ ಬಾಯಿ ಮುಚ್ಚಿಕೊಂಡು ಹೊರಟವರು ಹೊಳೆನರಸೀಪುರದವರೆಗೂ ಟವೆಲು ತೆಗೆಯಲಿಲ್ಲ. ಸಿಪ್ಪೆ ಸುಲಿದದ್ದನ್ನು ಜನ ಕಂಡಿದ್ದರು, ಹಲ್ಲು ಹೋದದ್ದನ್ನು ಯಾರೂ ಕಂಡಿರಲಿಲ್ಲ. ಜೀವನದಲ್ಲಿ ಮೊದಲ ಸಲ ಸಿಕ್ಕ ಆ ಕೀರ್ತಿಯನ್ನು ಕಳೆದುಕೊಳ್ಳಲು ಅವರು ತಯಾರಿರಲಿಲ್ಲ.

ನನ್ನ ಸ್ಕೂಟರಿನಲ್ಲೇ ಗುಟ್ಟಾಗಿ ಹಾಸನಕ್ಕೆ ಕರೆದುಕೊಂಡು ಹೋಗಿ ಹಲ್ಲು ಕಟ್ಟಿಸಿದೆ. ಹೆಂಡತಿ, ಮಗಳು ಮತ್ತು ನನ್ನನ್ನು ಬಿಟ್ಟರೆ ಇನ್ನಾರಿಗೂ ತಿಳಿಯಬಾರದೆಂದು ಆಣೆ ಹಾಕಿಸಿಕೊಂಡರು. ದಂತವೈದ್ಯೆ ಸೆಟ್ಟು ಕೂರಿಸಿ, "ಸದ್ಯಕ್ಕೆ ಸ್ವಲ್ಪ ಸಡಿಲ ಇರುತ್ತೆ. ಒಸಡು ಒಣಗಲಿ, ತಿಂಗಳ ಕೊನೆಯ ಶನಿವಾರ ಬನ್ನಿ, ಬಿಗಿ ಮಾಡಿಕೊಡ್ತೀನಿ" ಎಂದರು. ಆ ಸಡಿಲವೇ ಮುಂದಿನದಕ್ಕೆಲ್ಲ ಕಾರಣ. ಗೌರೀಶಂಕರರು ಒಂದು ಮಾತು ಮುಗಿಸಿ ತುಟಿ ಕೂಡಿಸಿದ ತಕ್ಷಣ ಆ ಸೆಟ್ಟು ಅಂಗುಳದಿಂದ ಜಾರಿ, ಮತ್ತೆ ಮೇಲೆದ್ದು ಒಂದು ಸದ್ದು ಮಾಡುತ್ತಿತ್ತು: ಲೊಚ್, ಲೊಚ್.

ಮಾರನೆಯ ಸಂಜೆ ಬೀದಿಯಲ್ಲಿ ಕರೆಂಟು ಹೋಯಿತು. ಲೈನ್‌ಮನ್ ತಮ್ಮಯ್ಯ ಕಂಬದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದ. ಜನ ಅವನ ಸುತ್ತ ನಿಂತು ಅವನನ್ನು ನೋಡುತ್ತಿದ್ದರು. ಪಕ್ಕದ ಮನೆಯ ಶಿವಗಂಗಮ್ಮ, ಧಾರಾವಾಹಿ ತಪ್ಪುತ್ತದೆಂಬ ಸಂಕಟದಲ್ಲಿ, "ಯಾವಾಗ ಬತ್ತದೋ ಏನೋ" ಎಂದರು.

"ಈಗ ಬರುತ್ತೆ ಬಿಡಿ," ಎಂದರು ಗೌರೀಶಂಕರರು. ಲೊಚ್, ಲೊಚ್.

ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಯಾರಾದರೂ ಮಾತಾಡಿದ ಬೆನ್ನಿಗೇ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವಾಗುತ್ತದೆ. ಕೇಳಿದವರು ನೆಲವನ್ನೋ ಮರವನ್ನೋ ಬೆರಳಿನಿಂದ ಕುಟ್ಟಿ 'ಸತ್ಯ ಸತ್ಯ' ಎನ್ನಬೇಕು. ಯೋಚಿಸುವ ಕಷ್ಟವಿಲ್ಲ, ವಿಚಾರಿಸುವ ಖರ್ಚಿಲ್ಲ. ಶಿವಗಂಗಮ್ಮ ಕಂಬವನ್ನೇ ಕುಟ್ಟಿ "ಸತ್ಯ ಸತ್ಯ" ಎಂದರು. ಕರೆಂಟು ಬಂತು. ತಮ್ಮಯ್ಯ ಇನ್ನೂ ಕಂಬ ಮುಟ್ಟಿರಲಿಲ್ಲ. ಅವನು ಕೈಯಲ್ಲಿದ್ದ ಇಕ್ಕಳವನ್ನೂ ಗೌರೀಶಂಕರರನ್ನೂ ಒಂದಾದ ಮೇಲೊಂದರಂತೆ ನೋಡಿದ.

ಎರಡು ದಿನ ಬಿಟ್ಟು ಬಸ್ ನಿಲ್ದಾಣದಲ್ಲಿ, "ಗೊರೂರಿನ ಬಸ್ಸು ಇವತ್ತು ತಡ" ಎಂದರು. ಲೊಚ್, ಲೊಚ್. ಬಸ್ಸು ತಡವಾಯಿತು. ಅದು ಪ್ರತಿದಿನವೂ ತಡವಾಗುತ್ತಿದ್ದುದು ಯಾರಿಗೂ ನೆನಪಾಗಲಿಲ್ಲ. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಗಿತ್ತು: ಗೌರೀಶಂಕರರ ಮಾತಿಗೆ ಹಲ್ಲಿ ಒಪ್ಪಿಗೆ ಕೊಡುತ್ತದೆ, ಅವರು ಎಲ್ಲಿ ಹೋದರೂ ಅದು ಹಿಂದೆಯೇ ಬರುತ್ತದೆ.

"ಹೇಳಿಬಿಡಿ, ಅದು ಹಲ್ಲಿನ ಸೆಟ್ಟು ಅಂತ," ಎಂದೆ ನಾನು.

"ತೆಂಗಿನಕಾಯಿ ಸುಲಿದವನು ನಾನು ಮೇಷ್ಟ್ರೇ," ಎಂದರು ಅವರು ನೊಂದುಕೊಂಡು. ಲೊಚ್, ಲೊಚ್. ನನಗೇ ತಿಳಿಯದ ಹಾಗೆ ನನ್ನ ಬೆರಳು ಕುರ್ಚಿಯ ತೋಳನ್ನು ಕುಟ್ಟಿತು. ಕೈಯನ್ನು ಜೇಬಿನೊಳಗೆ ಹಾಕಿಕೊಂಡೆ.

ಇನ್ನು ಅವರ ಮಾತು ಸುಳ್ಳಾದದ್ದಿಲ್ಲವೇ? ಬೇಕಾದಷ್ಟು. ಒಂದು ದಿನ ಮಳೆ ಬರುತ್ತದೆ ಎಂದರು, ಹನಿ ಬೀಳಲಿಲ್ಲ. ಕೊಡೆ ಹಿಡಿದು ದಿನವಿಡೀ ಓಡಾಡಿದ ಶಿವಗಂಗಮ್ಮ, "ಗೊರೂರಲ್ಲಿ ಬಿತ್ತಂತೆ ಕಣಪ್ಪ, ಮಾತು ಸುಳ್ಳಾಯ್ತದಾ" ಎಂದರು. ಶಿವಗಂಗಮ್ಮನ ಹಸು ಹೆಣ್ಣುಗರು ಹಾಕುತ್ತದೆ ಎಂದರು, ಹಸು ಹೋರಿಗರು ಹಾಕಿತು. "ಅದು ಮುಂದಿನ ಸೂಲಿಗೆ ಏಳಿದ್ದು. ನಾನೇ ಅವಸರ ಮಾಡ್ಬುಟ್ಟೆ," ಎಂದು ಶಿವಗಂಗಮ್ಮ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಸರಿಯಾದದ್ದೆಲ್ಲ ಗೌರೀಶಂಕರರ ಲೆಕ್ಕಕ್ಕೆ, ತಪ್ಪಾದದ್ದೆಲ್ಲ ಕೇಳಿದವರ ಲೆಕ್ಕಕ್ಕೆ. ಇಂಥ ಅನುಕೂಲ ದೇವರಿಗೂ ಇಲ್ಲ.

ಅಂಗಡಿಯ ಮುಂದೆ ಜನ ಸೇರತೊಡಗಿದರು. ಹಗ್ಗ ಮಾತ್ರ ಯಾರೂ ಕೊಳ್ಳಲಿಲ್ಲ. ಎಮ್ಮೆ ಕಳೆದುಕೊಂಡವರು, ಸಾಲ ಮಂಜೂರಾಗದವರು, ಸೊಸೆಯ ಜೊತೆ ಮಾತು ಬಿಟ್ಟವರು ಬಂದು ಬೆಂಚಿನ ಮೇಲೆ ಕೂತರು. ಬಾಳೆಹಣ್ಣಿನವನೂ ಮೀಸೆ ತಗ್ಗಿಸಿಕೊಂಡು ಬಂದು, ಪಚ್ಚಬಾಳೆ ತರಿಸಲೋ ಏಲಕ್ಕಿಬಾಳೆ ತರಿಸಲೋ ಎಂದು ಕೇಳಿದ. ಆ ದಿನ ಗೌರೀಶಂಕರರ ಮುಖ ನೋಡಬೇಕಿತ್ತು. ಬೇಕೆಂದೇ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ "ಏಲಕ್ಕಿ" ಎಂದರು. ಲೊಚ್, ಲೊಚ್. ಅವನು ಹಣ್ಣಿನ ಗೊನೆಯನ್ನೇ ಕುಟ್ಟಿದ.

ಹಲ್ಲಿಯನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡರು. ಶಿವಗಂಗಮ್ಮ ಅದು ಗೌರೀಶಂಕರರ ಅಂಗಿಯ ಕಾಲರಿನ ಒಳಗಿದೆ ಎಂದರು. ಬಾಲದ ತುದಿ ಹೊಂಬಣ್ಣವೆಂದು ಇನ್ನೊಬ್ಬರು ಸೇರಿಸಿದರು. ಒಬ್ಬ ಮುದುಕಪ್ಪ ದುದ್ದದಿಂದ ಎರಡು ಬಸ್ಸು ಬದಲಾಯಿಸಿ ಬಂದು, ಕಾಲರಿಗೆ ಕೈಮುಗಿದು ಹೋದ.

ಆಮೇಲೆ ಲೈನ್‌ಮನ್ ತಮ್ಮಯ್ಯ ಬಂದ, ಸಮವಸ್ತ್ರದಲ್ಲೇ. "ಸಾ, ನನ್ನ ವರ್ಗ ಮಾಡ್ತಾರೆ ಅಂತವ್ರೆ. ನಂಗೆ ಈ ಊರೇ ಇರ್ಲಿ ಅಂತ ಒಂದ್ ಮಾತು ಏಳ್ಬುಡಿ ಸಾ."

ಗೌರೀಶಂಕರರಿಗೆ ಹೆದರಿಕೆಯಾಯಿತು. ಒಬ್ಬನ ಬದುಕು ತನ್ನ ಒಸಡಿನ ಮೇಲೆ ನಿಲ್ಲುವುದು ಬೇಡವೆನ್ನಿಸಿ, ನಾಲಿಗೆಯಿಂದ ಸೆಟ್ಟನ್ನು ಮೇಲಕ್ಕೆ ಒತ್ತಿ ಹಿಡಿದು, "ನನಗೆ ಗೊತ್ತಿಲ್ಲಪ್ಪ" ಎಂದರು. ಸದ್ದು ಬರಲಿಲ್ಲ.

ತಮ್ಮಯ್ಯನ ಮುಖ ಅರಳಿತು. "ನೋಡಿದ್ರಾ, 'ಗೊತ್ತಿಲ್ಲ' ಅಂದಿದ್ದಕ್ಕೆ ಹಲ್ಲಿ ಒಪ್ಲಿಲ್ಲ. ಅಂದ್ರೆ ಗೊತ್ತದೆ. ಆಯ್ತು ಸಾ, ನಿಮ್ ಬಾಯಲ್ಲಿ ಏಳ್ದೆ ಇದ್ರೂ ನಂಗೆ ಅರ್ಥ ಆಯ್ತು," ಎಂದು ಸಂತೋಷದಿಂದ ಹೋದ. ವರ್ಗಾವಣೆ ಆಗಲಿಲ್ಲ. ಆಗುವ ಮಾತೂ ಇರಲಿಲ್ಲವೆಂದು ನನಗೆ ನಂತರ ತಿಳಿಯಿತು.

ಈ ಸುದ್ದಿ ಹಾಸನಕ್ಕೆ ಹೋಗಿ ಧನಲಕ್ಷ್ಮಿಯ ತಮ್ಮ ಶಶಿಕಿರಣನಿಗೆ ಮುಟ್ಟಿತು. ಅವನು ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವನು. ತನ್ನ ಅಕ್ಕನ ಮನೆಯಲ್ಲೇ ಇಂಥದ್ದು ನಡೆಯುವುದೇ ಎಂದು ಕೆಂಡವಾಗಿ ಬಂದ. ಸೆಟ್ಟಿನ ವಿಷಯ ಅವನಿಗೂ ಗೊತ್ತಿರಲಿಲ್ಲ. ಜಗಲಿಯ ಮೇಲೆ ನಿಂತು ಬೀದಿಯವರಿಗೆಲ್ಲ ಉಪನ್ಯಾಸ ಕೊಟ್ಟ.

"ನಮ್ಮ ಮೆದುಳು ಸೋಮಾರಿ. ಯೋಚನೆ ಮಾಡೋ ಕಡೆಯೆಲ್ಲ ಅಡ್ಡದಾರಿ ಹಿಡಿಯುತ್ತೆ. ಹಲ್ಲಿ ನುಡಿದು ಮಾತು ನಿಜ ಆದದ್ದನ್ನ ನೆನಪಿಟ್ಟುಕೊಳ್ಳುತ್ತೆ. ನುಡಿದೂ ಸುಳ್ಳಾದದ್ದನ್ನ ಮರೆತುಬಿಡುತ್ತೆ. ಮೊದಲು ನಂಬ್ತೀವಿ, ಆಮೇಲೆ ಕಾರಣ ಹುಡುಕ್ತೀವಿ. ಅರ್ಥ ಆಯ್ತಾ?"

"ಆಯ್ತಪ್ಪ," ಎಂದರು ಶಿವಗಂಗಮ್ಮ. "ಚೆನ್ನಾಗ್ ಏಳ್ದೆ. ಇದೂ ನಿಜವೋ ಅಲ್ವೋ, ಹಲ್ಲಿನೇ ಕೇಳ್ಬುಡಾನ."

ಎಲ್ಲರೂ ಗೌರೀಶಂಕರರತ್ತ ತಿರುಗಿದರು. ಅವರು ಮೈದುನನ ಮೇಲಿನ ಪ್ರೀತಿಯಿಂದ, "ಶಶಿ ಹೇಳಿದ್ದು ಸರಿ" ಎಂದರು. ಲೊಚ್, ಲೊಚ್. ಇಡೀ ಬೀದಿ ನೆಲ ಕುಟ್ಟಿತು. ಮನುಷ್ಯರು ವಿಚಾರಮಾಡದೆ ನಂಬುತ್ತಾರೆಂಬ ಶಾಸ್ತ್ರವನ್ನು ಜನ ಹೀಗೆ ವಿಚಾರಮಾಡದೆ ನಂಬಿದರು.

ಶಶಿಕಿರಣ ಹತಾಶನಾಗಿ ಒಳಗೆ ಹೋಗಿ ನಮ್ಮ ಜೊತೆ ಊಟಕ್ಕೆ ಕೂತ. ಭಾವ ಗೌರೀಶಂಕರರಿಗೆ ಅವನನ್ನು ಸಮಾಧಾನಪಡಿಸಬೇಕೆನ್ನಿಸಿ, "ಚಿಂತೆ ಮಾಡಬೇಡ ಶಶಿ, ಈ ವರ್ಷ ನಿನ್ನ ಕೆಲಸ ಕಾಯಂ ಆಗುತ್ತೆ" ಎಂದರು. ಲೊಚ್, ಲೊಚ್. ಶಶಿಕಿರಣ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಅತ್ತ ಇತ್ತ ನೋಡಿದ. ಎಡಗೈಯ ಬೆರಳಿನಿಂದ ಮೆಲ್ಲಗೆ ಮಣೆ ಕುಟ್ಟಿದ.

"ಇದು ನಾನು ಕುಟ್ಟಿದ್ದಲ್ಲ," ಎಂದ ನನ್ನನ್ನು ನೋಡಿ. "ಚಿಕ್ಕಂದಿನ ಅಭ್ಯಾಸ ಕುಟ್ಟಿದ್ದು. ಶಾಸ್ತ್ರದಲ್ಲಿ ಇದಕ್ಕೂ ವಿವರಣೆ ಇದೆ."

"ಇರುತ್ತೆ, ಇರುತ್ತೆ," ಎಂದೆ.

ಸುವರ್ಣಮ್ಮ ಬರುವ ಭಾನುವಾರ ಹತ್ತಿರವಾಯಿತು. ಗೌರೀಶಂಕರರು ಈಗ ಎದೆ ಮುಂದೆ ಮಾಡಿ ನಡೆಯುತ್ತಿದ್ದರು. ಅವರ ಯೋಜನೆ ಸರಳವಾಗಿತ್ತು. ಅಕ್ಕ ಬರಲಿ, ಬೀದಿಯವರೆಲ್ಲ ಸೇರಲಿ, ತಾನು 'ನನ್ನ ಮಗಳು ಬಸ್ಸು ಓಡಿಸ್ತಾಳೆ' ಎನ್ನುವುದು, ಉಳಿದದ್ದನ್ನು ಸೆಟ್ಟು ನೋಡಿಕೊಳ್ಳುತ್ತದೆ. ಶಿವರಂಜನಿಗೆ ಇದನ್ನು ಹೇಳಿದಾಗ ಅವಳು ನಗಲಿಲ್ಲ.

"ಹಲ್ಲಿ ಬೇಡ ಅಪ್ಪಾಜಿ," ಎಂದಳು. "ನೀವೇ ಹೇಳಿ."

"ನಾನು ಹೇಳಿದ್ರೆ ಯಾರವ್ವ ಕೇಳ್ತಾರೆ?"

"ನಾನು ಕೇಳ್ತೀನಿ."

ಅವರು ಅವಳ ತಲೆ ಸವರಿದರು.

ಆದರೆ ಧನಲಕ್ಷ್ಮಿಗೆ ಈ ಲೊಚ್ ಲೊಚ್ ಸಾಕಾಗಿಹೋಗಿತ್ತು. ಗಂಡ ಸಾರಿಗೆ ಉಪ್ಪು ಕಡಿಮೆ ಎಂದರೂ ಅದು ಸತ್ಯವಾಗಿಬಿಡುತ್ತಿತ್ತು. ಅತ್ತಿಗೆ ಬರುವುದಕ್ಕೆ ಮುಂಚೆ ಇದನ್ನು ನಿಲ್ಲಿಸಬೇಕೆಂದು, ಶನಿವಾರ ಬೆಳಗ್ಗೆಯೇ ನನ್ನ ಸ್ಕೂಟರಿನ ಮುಂದೆ ಗಂಡನನ್ನು ತಂದು ನಿಲ್ಲಿಸಿದರು. "ಡಾಕ್ಟರಮ್ಮ ಬರೋಕೆ ಹೇಳಿದ್ದು ಇವತ್ತೇ. ಕರ್ಕೊಂಡ್ ಹೋಗಿ ಮೇಷ್ಟ್ರೇ."

ಗೌರೀಶಂಕರರು ಸೋಮವಾರ ಹೋಗೋಣವೆಂದು ಬೇಡಿಕೊಂಡರು. ಲೊಚ್, ಲೊಚ್. "ನಿಮ್ಮ ಹಲ್ಲಿ ನನ್ನ ಹತ್ರ ನಡೆಯಲ್ಲ," ಎಂದರು ಧನಲಕ್ಷ್ಮಿ. ಗುಟ್ಟು ಬಲ್ಲವರ ಮುಂದೆ ಯಾವ ಪವಾಡವೂ ನಡೆಯುವುದಿಲ್ಲ. ಆಕೆಯ ಮುಂದೆ, ಗುಟ್ಟು ಗೊತ್ತಿಲ್ಲದಿದ್ದರೂ ನಡೆಯುತ್ತಿರಲಿಲ್ಲ.

ಡಾಕ್ಟರಮ್ಮ ಬಹಳ ಶ್ರದ್ಧೆಯ ಹೆಣ್ಣುಮಗಳು. ಉಜ್ಜಿ, ತೀಡಿ, ಸೆಟ್ಟನ್ನು ಹುಟ್ಟಿದಾಗಿನಿಂದ ಅಲ್ಲೇ ಇದ್ದುದರ ಹಾಗೆ ಕೂರಿಸಿಬಿಟ್ಟರು. "ಮಾತಾಡಿ ನೋಡಿ," ಎಂದರು. ಗೌರೀಶಂಕರರು "ಕೆಟ್ಟೆ" ಎಂದರು. ಸದ್ದೇ ಇಲ್ಲ. "ತುಂಬ ಚೆನ್ನಾಗಿ ಕೂತಿದೆ," ಎಂದು ಡಾಕ್ಟರಮ್ಮ ಸಂತೋಷಪಟ್ಟರು.

ದಾರಿಯುದ್ದಕ್ಕೂ ಅವರು ಸೆಟ್ಟು ಸಡಿಲಿಸಲು ಮಾಡದ ಉಪಾಯವಿಲ್ಲ. ಸ್ಕೂಟರನ್ನು ಗುಂಡಿಗಳ ಮೇಲೇ ಬಿಡಿ ಎಂದರು. ಬಿಟ್ಟೆ. ನನ್ನ ಸೊಂಟ ಸಡಿಲವಾಯಿತು, ಸೆಟ್ಟು ಕದಲಲಿಲ್ಲ. ದಾರಿ ಬದಿಯಲ್ಲಿ ಕಾಯಿ ಸೀಬೆ ಕೊಂಡು ಕಚ್ಚಿದರು. ಸೀಬೆ ಎರಡಾಯಿತು. ನಾಲಿಗೆಯಲ್ಲಿ ಲೊಚಗುಟ್ಟಲು ಪ್ರಯತ್ನಿಸಿದರು. ಎದುರಿಗೆ ಬರುತ್ತಿದ್ದ ಎತ್ತಿನ ಗಾಡಿಯ ಎತ್ತುಗಳು ಅದನ್ನು ತಮಗೇ ಹೇಳಿದ್ದೆಂದು ತಿಳಿದು ಜೋರಾಗಿ ನಡೆದವು. ಹೇಮಾವತಿ ಸೇತುವೆಯ ಮೇಲೆ ಬಂದಾಗ ಹಿಂದಿನ ಸೀಟಿನಿಂದ ದನಿ ಬಂತು. "ಮೇಷ್ಟ್ರೇ, ನಾಳೆ ನಾನು ಬರೀ ಗೌರೀಶಂಕರ."

ಭಾನುವಾರ ಸುವರ್ಣಮ್ಮ ಬಂದರು. ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಶಿವಗಂಗಮ್ಮ, ತಮ್ಮಯ್ಯ, ಬಾಳೆಹಣ್ಣಿನವನು ಮತ್ತು ಬೀದಿಯ ಅರ್ಧ ಜನ ಗೋಡೆಗೆ ಒರಗಿ ಕೂತರು. ಹಾಸನದಿಂದ ಶಶಿಕಿರಣನೂ ಬಂದಿದ್ದ, ಅಧ್ಯಯನಕ್ಕಾಗಿ. ಶಿವರಂಜನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಬಟ್ಟೆಯ ಚೀಲ ಸಿದ್ಧವಾಗಿ ಬಾಗಿಲ ಹಿಂದೆ ಇತ್ತು. ಅದರ ಹಿಡಿಕೆಯನ್ನು ಅವಳು ಬಿಟ್ಟಿರಲಿಲ್ಲ.

ಅಕ್ಕನಿಗೆ ತಮ್ಮನ ಹಲ್ಲಿಯ ಕೀರ್ತಿ ಮುಟ್ಟಿತ್ತು. ಆದರೂ ಚಿಕ್ಕಂದಿನಲ್ಲಿ ಆ ತಮ್ಮನ ಮೂಗು ಒರೆಸಿದವರು ಅವರು. "ನಿನ್ ಹಲ್ಲಿ ಆಮೇಲೆ ಮಾತಾಡ್ಲಿ, ಮೊದ್ಲು ನಾನು ಮಾತಾಡ್ತೀನಿ," ಎಂದು ಶುರುಮಾಡಿದರು. ಬಸ್ಸೆಂದರೆ ಏನು, ದಾರಿಯೆಂದರೆ ಏನು, ಗಂಡಸರು ಏನೆಂದುಕೊಳ್ಳುತ್ತಾರೆ, ನೆಂಟರು ಏನೆಂದುಕೊಳ್ಳುತ್ತಾರೆ, ಅರಸೀಕೆರೆಯಲ್ಲಿ ಯಾರೋ ಒಬ್ಬರ ಬಸ್ಸು ಹೇಗೆ ಹಳ್ಳಕ್ಕೆ ಇಳಿಯಿತು, ಎಲ್ಲವನ್ನೂ ಹೇಳಿದರು. ಆ ಬಸ್ಸನ್ನು ಓಡಿಸುತ್ತಿದ್ದವನು ಗಂಡಸು ಎಂದು ಶಿವರಂಜನಿ ಮೆಲ್ಲಗೆ ಹೇಳಿದಳು. "ಗಂಡಸೇ ಇಳ್ಸಿದ್ ಮೇಲೆ ನೀನು ಯಾವ್ ಲೆಕ್ಕ," ಎಂದರು ಸುವರ್ಣಮ್ಮ. ಕೊನೆಗೆ ಕುರ್ಚಿಯಲ್ಲಿ ನೆಟ್ಟಗೆ ಕೂತು ತೀರ್ಪು ಕೊಟ್ಟರು.

"ಈ ಹುಡುಗಿ ನಾಳೆ ಹಾಸನಕ್ಕೆ ಹೋಗಲ್ಲ."

ಆಗ ಕ್ಯಾಲೆಂಡರಿನ ಹಿಂದಿನಿಂದ, ಸ್ಪಷ್ಟವಾಗಿ, ಇಡೀ ಮನೆಗೆ ಕೇಳಿಸುವಂತೆ ಸದ್ದು ಬಂತು: ಲೊಚ್, ಲೊಚ್, ಲೊಚ್.

ಅದು ನಿಜವಾದ ಹಲ್ಲಿ. ಅದರ ಬಾಲ ಕ್ಯಾಲೆಂಡರಿನ ಕೆಳಗೆ ಕಾಣಿಸುತ್ತಿತ್ತು. ಗೌರೀಶಂಕರರ ಮುಖ ಬಿಳಿಚಿತು. ಸುವರ್ಣಮ್ಮ ಗೆದ್ದವರ ಹಾಗೆ ಕೈಯೆತ್ತಿ, ಕುರ್ಚಿಯ ತೋಳನ್ನು ಕುಟ್ಟಲು ಬೆರಳು ಮಡಿಸಿದರು.

ಯಾರೂ ಕುಟ್ಟಲಿಲ್ಲ. ಶಿವಗಂಗಮ್ಮ ಕತ್ತೆತ್ತಿ ಬಾಲದತ್ತ ನೋಡಿ, ಅಸಹ್ಯಪಟ್ಟು, "ಥೂ, ಇದ್ಯಾವ್ದೋ ಬೀದಿ ಹಲ್ಲಿ. ಧನಲಕ್ಷ್ಮಿ, ಸಾರಿನ ಪಾತ್ರೆ ಮುಚ್ಚವ್ವ" ಎಂದರು. ತಮ್ಮಯ್ಯ ಎದ್ದು ಕ್ಯಾಲೆಂಡರನ್ನು ತಟ್ಟಿದ. ನಮ್ಮ ಬೀದಿಯಲ್ಲಿ ನಿಜ ನುಡಿಯುವ ಹಲ್ಲಿ ಗೌರೀಶಂಕರರದು ಒಂದೇ, ಮಿಕ್ಕವೆಲ್ಲ ಬರೀ ಹಲ್ಲಿಗಳು. ಆ ಬಡಜೀವಿ ಕಿಟಕಿಯಿಂದ ಹೊರಗೆ ಓಡಿಹೋಯಿತು. ಶಶಿಕಿರಣ ಬಾಯಿ ತೆರೆದವನು ಮುಚ್ಚಲೇ ಇಲ್ಲ. ಸುವರ್ಣಮ್ಮನ ಬೆರಳು ಮಡಿಸಿದ ಹಾಗೇ ಗಾಳಿಯಲ್ಲಿ ನಿಂತಿತ್ತು.

"ನೀವೇಳಿ ಸಾ," ಎಂದ ತಮ್ಮಯ್ಯ.

ಗೌರೀಶಂಕರರು ಎದ್ದು ನಿಂತರು. ಬಾಯಲ್ಲಿ ಸೆಟ್ಟು ಕಲ್ಲಿನ ಹಾಗೆ ಕೂತಿತ್ತು. ಅವರು ಜನರನ್ನು ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದವಳನ್ನು ನೋಡಿದರು.

"ಇಲ್ಲ ಅಕ್ಕ," ಎಂದರು.

ಸುವರ್ಣಮ್ಮನಿಗೆ ಆ ಶಬ್ದದ ಪರಿಚಯವಿರಲಿಲ್ಲ. "ಏನಂದೆ?" ಎಂದರು.

"ಇಲ್ಲ ಅಂದೆ. ಇವಳು ಹೋಗ್ತಾಳೆ. ನನಗೆ ಸೈಕಲ್ ಬರಲ್ಲ, ಲೆಕ್ಕ ಬರಲ್ಲ, ವ್ಯಾಪಾರವೂ ಅಷ್ಟಕ್ಕಷ್ಟೆ. ಇಷ್ಟು ವರ್ಷ ನನ್ನ ಹಗ್ಗ ಸಂತೆ ಮುಟ್ಟಿದ್ದು, ನಮ್ಮ ಮನೆ ಒಲೆ ಹತ್ತಿದ್ದು, ಇವಳು ಗಾಡಿ ಓಡಿಸಿದ್ದಕ್ಕೆ. ಒಂದು ದಿನ ಒಂದು ಕೋಳಿಗೂ ತಗುಲಿಸಿಲ್ಲ. ನನ್ನ ಮಗಳು ಬಸ್ಸು ಓಡಿಸ್ತಾಳೆ, ಅಕ್ಕ. ನೀನೂ ಅದರಲ್ಲಿ ಕೂತ್ಕೊಂಡು ಹೋಗ್ತೀಯ."

ತುಟಿ ಕೂಡಿಸಿದರು. ನಾನು ಕಿವಿಗೊಟ್ಟೆ. ಇಡೀ ಮನೆ ಕಿವಿಗೊಟ್ಟಿತು. ಸದ್ದಿಲ್ಲ. ಸದ್ದು ಬರುವುದಿಲ್ಲವೆಂದು ಬಲ್ಲವರು ನಾವು ನಾಲ್ಕೇ ಜನ. ನಾವು ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತಿದ್ದೆವು.

ಟಕ್, ಟಕ್ ಎಂದಿತು. ಶಿವಗಂಗಮ್ಮ ನೆಲ ಕುಟ್ಟಿದ್ದರು. "ಸತ್ಯ ಸತ್ಯ. ಕೇಳ್ತಾ? ಎಷ್ಟು ಚೆನ್ನಾಗ್ ನುಡೀತು."

"ಓ, ಕೇಳ್ತು," ಎಂದ ತಮ್ಮಯ್ಯ, ಗೋಡೆ ಕುಟ್ಟಿ. "ಎರಡು ಕಿತ." ಬಾಳೆಹಣ್ಣಿನವನು ಮೂರು ಸಲ ಎಂದ. ಅಲ್ಲಿಂದ ಇಡೀ ನಡುಮನೆ ಕುಟ್ಟತೊಡಗಿತು. ಶಶಿಕಿರಣ, "ವಾಸ್ತವವಾಗಿ ಯಾವ ಸದ್ದೂ..." ಎಂದು ಆರಂಭಿಸಿ, ಅಕ್ಕ ಧನಲಕ್ಷ್ಮಿಯ ಕಣ್ಣು ನೋಡಿ, ಜಾಣನಾದ್ದರಿಂದ ಮಣೆ ಎಳೆದುಕೊಂಡು ಕುಟ್ಟಿದ.

ಸುವರ್ಣಮ್ಮ ಸುತ್ತಲೂ ನೋಡಿದರು. ತಮ್ಮನ ಮುಖವನ್ನೇ ಸುಮಾರು ಹೊತ್ತು ನೋಡಿದರು. ಮಡಿಸಿದ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ನಿಧಾನವಾಗಿ ಇಳಿಸಿ ಕುರ್ಚಿಯ ತೋಳಿಗೆ ತಾಗಿಸಿದರು, ಟಕ್ ಎಂದು.

"ನನ್ ಕಿವಿ ಸ್ವಲ್ಪ ಮಂದ," ಎಂದರು. "ಆದ್ರೂ ಕೇಳ್ತು."

ಶಿವರಂಜನಿ ಚೀಲದ ಹಿಡಿಕೆ ಬಿಟ್ಟು, ಓಡಿಬಂದು ಅಪ್ಪನ ತೋಳಿಗೆ ಮುಖವಿಟ್ಟು ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಲು ಹೋದರೆ, ಅದು ಎಷ್ಟು ಹೊತ್ತಿನಿಂದಲೋ ಕಂಬ ಕುಟ್ಟುತ್ತಿತ್ತು. ಡಾಕ್ಟರಮ್ಮ ಸೆಟ್ಟು ಬಿಗಿ ಮಾಡಿದ್ದನ್ನು ಎದುರಿಗೇ ನಿಂತು ನೋಡಿದವನು ನಾನು. ಆದರೂ ಹೇಳುತ್ತೇನೆ, ನನಗೂ ಏನೋ ಕೇಳಿಸಿತ್ತು.

ತರಬೇತಿ ಮುಗಿದು ಶಿವರಂಜನಿಗೆ ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸೇ ಸಿಕ್ಕಿತು. ಮೊದಲ ದಿನ ನಾವೆಲ್ಲ ಹತ್ತಿದೆವು. ಸುವರ್ಣಮ್ಮ ಚನ್ನರಾಯಪಟ್ಟಣದಿಂದ ಬಂದು ಡ್ರೈವರಿನ ಹಿಂದಿನ ಸೀಟು ಹಿಡಿದರು. ಮಲ್ಲಿಗೆ ತಂದು ಸ್ಟೀರಿಂಗಿಗೆ ಸುತ್ತಿ, "ಹಲ್ಲಿ ನುಡಿದ ದಿನವೇ ನಾನು ಹೇಳಿದ್ದೆ, ಈ ಹುಡುಗಿ ಬಸ್ ಓಡ್ಸೇ ಓಡ್ಸ್ತಾಳೆ ಅಂತ" ಎಂದು ಪಕ್ಕದವರಿಗೆ ಹೇಳತೊಡಗಿದರು.

ಗೌರೀಶಂಕರರಿಗೆ ಇದು ತಡೆಯಲಾಗಲಿಲ್ಲ. ಅಂದು ಮಾತಾಡಿದವನು ತಾನು, ಹೆಸರು ಹಲ್ಲಿಗೆ. ತೆಂಗಿನಕಾಯಿಯ ಕೀರ್ತಿ ಹೋದರೆ ಹೋಗಲಿ ಎಂದು, ಅಷ್ಟು ಜನರೆದುರಿಗೆ ಸೆಟ್ಟನ್ನು ಬಾಯಿಂದ ಕಿತ್ತು ಅಂಗೈ ಮೇಲೆ ಹಿಡಿದು ಅಕ್ಕನಿಗೆ ತೋರಿಸಿ, "ಹಲ್ಲಿ ಇರಲಿಲ್ಲ ಅಕ್ಕ, ಸದ್ದು ಮಾಡ್ತಿದ್ದುದು ಇದು. ಅವತ್ತು ಇದೂ ಸುಮ್ಮನಿತ್ತು. ಹೇಳಿದ್ದು ನಾನೇ" ಎಂದರು. ಹಲ್ಲಿಲ್ಲದ ಬಾಯಿಂದ ಅದರಲ್ಲಿ ಅರ್ಧ ಬರೀ ಗಾಳಿಯಾಗಿ ಬಂತು.

ಸುವರ್ಣಮ್ಮ ಸೆಟ್ಟನ್ನು ನೋಡಿದರು, ತಮ್ಮನನ್ನು ನೋಡಿದರು. "ನಾನೇ ಕಿವಿಯಾರೆ ಕೇಳಿದೀನಿ. ನಿನ್ ಮಾತು ಯಾರ್ಲಾ ನಂಬ್ತಾರೆ, ಬಾಯಿಗ್ ಹಾಕ್ಕೋ," ಎಂದರು.

ಗೌರೀಶಂಕರರು ಬಾಯಿಗೆ ಹಾಕಿಕೊಂಡರು. ಬೇಸರವೇನೂ ಆಗಲಿಲ್ಲ. ಬಸ್ಸು ಹೇಮಾವತಿ ನಾಲೆಯ ಸೇತುವೆಗೆ ಏರುತ್ತಿತ್ತು. ಎದುರಿಗೆ ಒಂದು ಕಬ್ಬಿನ ಲಾರಿ ದಾರಿ ತುಂಬ ಬಂದಾಗ ಶಿವರಂಜನಿ ಗೇರು ಇಳಿಸಿ, ನಮ್ಮ ಓಣಿಗೆ ಟೆಂಪೋ ಇಳಿಸುತ್ತಿದ್ದ ಹಾಗೆಯೇ, ಬೆರಳು ತೂರುವಷ್ಟು ಜಾಗ ಉಳಿಸಿ ಬಸ್ಸನ್ನು ದಾಟಿಸಿದಳು. ಗೌರೀಶಂಕರರು ಸೀಟಿನಿಂದ ಎದ್ದು ನಿಂತು, ಇಡೀ ಬಸ್ಸಿಗೆ ಕೇಳಿಸುವಂತೆ, "ಬಸ್ ಓಡಿಸ್ತಿರೋಳು ನನ್ನ ಮಗಳು" ಎಂದರು.

"ಗೊತ್ತು ಸಾ," ಎಂದ ಕಂಡಕ್ಟರು, ಚೀಟಿ ಹರಿಯುತ್ತ. "ಹತ್ತಿದಾಗಿಂದ ಎಲ್ರಿಗೂ ಅದನ್ನೇ ಏಳ್ತಾ ಇದೀರಿ. ಎಲ್ರೂ ನಂಬಿದೀವಿ, ಕೂತ್ಕಳಿ."